ಒಂದೇ ತೇಗಕ್ಕೆ ನಾಲ್ಕು ತೂಕ: ಕಾಡಿನ ಇಂಗಾಲ ಲೆಕ್ಕ ಹಾಕಲು ಯಾವ ದಾರಿ?

ಒಂದು ತೇಗದ ಮರ ಇದೆ ಅಂದುಕೊಳ್ಳಿ. ಎದೆ ಎತ್ತರದಲ್ಲಿ ಸುತ್ತಳತೆ 94 ಸೆಂ.ಮೀ, ಅಂದರೆ ವ್ಯಾಸ ಸುಮಾರು 30 ಸೆಂ.ಮೀ. ಎತ್ತರ 18 ಮೀಟರ್. ನೆಲದ ಮೇಲಿನ ಭಾಗದ ಒಣ ತೂಕ ಎಷ್ಟು?

1997ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹೊರತಂದ ಕೈಪಿಡಿಯಲ್ಲಿ ಸಾಂಡ್ರಾ ಬ್ರೌನ್ ಕೊಟ್ಟ ಒಣ ಪ್ರದೇಶದ ಸೂತ್ರ ಹಾಕಿದರೆ ಸುಮಾರು 363 ಕಿಲೊ. ಅದೇ ಕೈಪಿಡಿಯ ತೇವ ಪ್ರದೇಶದ ಸೂತ್ರ ಹಾಕಿದರೆ 646 ಕಿಲೊ. 2014ರಲ್ಲಿ ಜೆರೋಮ್ ಶಾವ್ ಮತ್ತು ಸಂಗಡಿಗರು ಕೊಟ್ಟ ಉಷ್ಣವಲಯದ ಸೂತ್ರದಲ್ಲಿ 482 ಕಿಲೊ. ನಾಟಾ ಲೆಕ್ಕದಿಂದ ಹೊರಟು ಕೊಂಬೆ ಸೇರಿಸುವ ದಾರಿ ಹಿಡಿದರೆ, ನೀವು ಯಾವ ಗುಣಕ ಆರಿಸುತ್ತೀರೋ ಅದರ ಮೇಲೆ 550 ಆಗಬಹುದು, 900 ದಾಟಲೂಬಹುದು.

ಮರ ಅದೇ. ಟೇಪು ಹಿಡಿದ ಕೈಯೂ ಅದೇ. ಬದಲಾಗಿದ್ದು ಸೂತ್ರ ಮಾತ್ರ.

ಇದೇನು ಮಹಾ ಅನ್ನಿಸಬಹುದು. ಮರದ ಒಣ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧ ಇಂಗಾಲ, ಹಾಗಾಗಿ ತೂಕ ತಪ್ಪಿದರೆ ಇಂಗಾಲದ ಲೆಕ್ಕವೂ ತಪ್ಪುತ್ತದೆ. ಆದರೆ ದೇಶದ ಲೆಕ್ಕಕ್ಕೆ ಬನ್ನಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ, ಎಲ್ಲರೂ ಎಫ್‌ಎಸ್‌ಐ ಅನ್ನುವ ಸಂಸ್ಥೆ, ತನ್ನ 2023ರ ವರದಿಯಲ್ಲಿ ನಮ್ಮ ಕಾಡುಗಳಲ್ಲಿರುವ ಇಂಗಾಲ 728.55 ಕೋಟಿ ಟನ್ ಎಂದಿದೆ. ಹಿಂದಿನ ವರದಿಗಿಂತ 8.15 ಕೋಟಿ ಟನ್ ಜಾಸ್ತಿ. ಶೇಕಡಾ ಲೆಕ್ಕದಲ್ಲಿ ಅದು 1.1ರ ಆಸುಪಾಸು. ಸೂತ್ರ ಬದಲಾದರೆ ಒಂದು ಮರದ ತೂಕ ಶೇ 30, 40 ಆಚೀಚೆ ಆಗುವಾಗ, ಎರಡು ವರ್ಷದ ಏರಿಕೆ ಶೇ 1 ಅನ್ನುವುದನ್ನು ಹಿಡಿಯಬೇಕು. ಹಾಗಾಗಿ 'ಯಾವ ಸೂತ್ರ ಸರಿ' ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು 'ನನಗೆ ಬೇಕಿರುವ ಉತ್ತರ ಯಾವುದು' ಎಂದು. ಒಟ್ಟು ಎಷ್ಟಿದೆ ಅಂತಲೋ, ಎಷ್ಟು ಹೆಚ್ಚಿತು ಅಂತಲೋ? ಎರಡಕ್ಕೂ ಆಯ್ಕೆ ಬೇರೆ ಬೇರೆ.

ಮರವನ್ನು ತೂಗಿಯೇ ಬಿಡಬಹುದಲ್ಲ ಅಂದರೆ, ಹೌದು, ಅದೊಂದೇ ನಿಜವಾದ ಅಳತೆ. ಕಡಿದು, ಕಾಂಡ, ಕೊಂಬೆ, ಸೊಪ್ಪು ಬೇರೆ ಮಾಡಿ, ಹಸಿ ತೂಕ ನೋಡಿ, ಮಾದರಿ ತುಂಡುಗಳನ್ನು ಒಲೆಯಲ್ಲಿ ಒಣಗಿಸಿ ಲೆಕ್ಕ ಹಾಕಬೇಕು. ಒಂದು ದೊಡ್ಡ ಮರಕ್ಕೆ ಆಳುಕಾಳು ಸೇರಿ ಇಡೀ ದಿನ ಹೋಗುತ್ತದೆ. ಕಾಡಿನಲ್ಲಿ ಕಡಿಯಲು ಅನುಮತಿ ಸಿಗುವುದೂ ಕಷ್ಟ. ಆದ್ದರಿಂದ ಯಾರೋ ಎಲ್ಲೋ ಕಡಿದು ತೂಗಿದ ಮರಗಳ ಲೆಕ್ಕವನ್ನು ನಮ್ಮ ಮರಕ್ಕೆ ಹಚ್ಚುತ್ತೇವೆ. ಕೆಳಗಿನ ಎಲ್ಲ ದಾರಿಗಳೂ ಮೂಲದಲ್ಲಿ ಇದೇ ಕೆಲಸ.

ರೆಡಿಮೇಡ್ ಅಂಕಿ: ಎಕರೆ ಗೊತ್ತಿದ್ದರೆ ಸಾಕು

ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಕಾಡಿನ ಬಗೆಗೆ ತಕ್ಕಂತೆ ಹೆಕ್ಟೇರಿಗೆ ಇಷ್ಟು ಟನ್ ಒಣ ತೂಕ ಎಂದು ಕೋಷ್ಟಕವೇ ಇದೆ. ಏಷ್ಯಾದ ಮುಖ್ಯ ಭೂಭಾಗದ ತೇವ ಎಲೆಯುದುರುವ ಕಾಡಿಗೆ 180 ಟನ್. ಆದರೆ ಪಕ್ಕದಲ್ಲೇ ಕೊಟ್ಟ ವ್ಯಾಪ್ತಿ ನೋಡಿ: 10ರಿಂದ 560. ಇದರ ಮೇಲೆ ಹೆಚ್ಚು ಹೇಳುವುದೇನಿಲ್ಲ. ಕಾಡಿಗೆ ಕಾಲಿಡದೆ, ಒಂದು ಅಂದಾಜು ಬರೆಯಬೇಕಾದಾಗ ಇದು ಸಾಕು. ಕಾಡು ತೆಳುವಾಯಿತೋ ದಟ್ಟವಾಯಿತೋ ಎಂದು ಇದರಿಂದ ತಿಳಿಯುವುದಿಲ್ಲ. ಹೆಕ್ಟೇರು ಬದಲಾಗದಿದ್ದರೆ ಉತ್ತರವೂ ಬದಲಾಗುವುದಿಲ್ಲ.

ನಾಟಾ ಲೆಕ್ಕದಿಂದ ತೂಕಕ್ಕೆ: ಅರಣ್ಯ ಇಲಾಖೆಗಳ ಹಳೆಯ ದಾರಿ

ಪ್ರಪಂಚದ ಹೆಚ್ಚಿನ ರಾಷ್ಟ್ರೀಯ ಅರಣ್ಯ ಗಣತಿಗಳು ಶುರುವಾಗಿದ್ದು ಇಂಗಾಲಕ್ಕಲ್ಲ, ನಾಟಾಕ್ಕೆ. ನಾರ್ವೆ 1919ರಲ್ಲಿ, ಫಿನ್‌ಲೆಂಡ್ 1921ರಲ್ಲಿ, ಸ್ವೀಡನ್ 1923ರಲ್ಲಿ ಎಣಿಸಲು ಹೊರಟಿದ್ದು ಎಷ್ಟು ಮರ ಕೊಯ್ಯಬಹುದು ಎಂದು ತಿಳಿಯಲು. ನಮ್ಮಲ್ಲೂ 1965ರ ಹೂಡಿಕೆ ಪೂರ್ವ ಸಮೀಕ್ಷೆಯ ಉದ್ದೇಶ ಕಾರ್ಖಾನೆಗಳಿಗೆ ಎಷ್ಟು ಕಟ್ಟಿಗೆ ಸಿಗುತ್ತದೆ ಎನ್ನುವುದು. ಅದೇ ಮುಂದೆ 1981ರಲ್ಲಿ ಎಫ್‌ಎಸ್‌ಐ ಆಯಿತು. ಹಾಗಾಗಿ ನಮ್ಮ ಹತ್ತಿರ ಇರುವ ಆಸ್ತಿ ಎಂದರೆ ಜಾತಿವಾರು, ಪ್ರದೇಶವಾರು ಘನ ಅಳತೆಯ ಸೂತ್ರಗಳು. ವ್ಯಾಸ ಹಾಕಿದರೆ ಎಷ್ಟು ಘನ ಮೀಟರ್ ಎಂದು ಹೇಳುತ್ತವೆ.

ಇದನ್ನು ತೂಕ ಮಾಡುವುದು ಹೀಗೆ. ಘನ ಮೀಟರನ್ನು ಕಟ್ಟಿಗೆಯ ಸಾಂದ್ರತೆಯಿಂದ ಗುಣಿಸಿದರೆ ಕಾಂಡದ ತೂಕ. ಅದನ್ನು ಹಿಗ್ಗಿಸುವ ಗುಣಕದಿಂದ ಗುಣಿಸಿದರೆ ಕೊಂಬೆ, ಸೊಪ್ಪು ಸೇರಿದ ತೂಕ.

ತೊಡಕು ಈ ಗುಣಕದಲ್ಲೇ ಇದೆ. ನಮ್ಮ ತೇಗದ ಕಾಂಡ ಅರ್ಧ ಘನ ಮೀಟರ್ ಎಂದು ಇಟ್ಟುಕೊಳ್ಳಿ. ಸಾಂದ್ರತೆ ಘನ ಮೀಟರಿಗೆ 550 ಕಿಲೊ ಹಾಕಿದರೆ 275 ಕಿಲೊ. ಐಪಿಸಿಸಿಯ 2003ರ ಮಾರ್ಗದರ್ಶಿಯಲ್ಲಿ ಉಷ್ಣವಲಯದ ಅಗಲ ಎಲೆಯ ಮರಗಳಿಗೆ ಗುಣಕ 3.4, ವ್ಯಾಪ್ತಿ 2ರಿಂದ 9. ಅಂದರೆ ನಮ್ಮ ಮರ 550 ಕಿಲೊ ಇರಬಹುದು, 935 ಇರಬಹುದು, ತುದಿಗೆ ಹೋದರೆ 2,475 ಕೂಡ. ಇಷ್ಟು ಅಗಲ ಯಾಕೆ ಅಂದರೆ 'ಕಾಂಡ' ಅನ್ನುವ ಮಾತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಕೆಲವರು ಮಾರಾಟಕ್ಕೆ ಹೋಗುವ ದಿಮ್ಮಿಯನ್ನಷ್ಟೇ ಎಣಿಸುತ್ತಾರೆ. ಎಫ್‌ಎಸ್‌ಐ ಹಾಗಲ್ಲ. ಅದು ಮುಖ್ಯ ಕಾಂಡವನ್ನು 10 ಸೆಂ.ಮೀ ದಪ್ಪದವರೆಗೂ, ಕೊಂಬೆಗಳನ್ನು 5 ಸೆಂ.ಮೀ ದಪ್ಪದವರೆಗೂ ಘನ ಅಳತೆಯಲ್ಲೇ ಸೇರಿಸಿಕೊಂಡಿರುತ್ತದೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಜಾರುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಎಫ್‌ಎಸ್‌ಐ ಘನ ಅಳತೆ ತೆಗೆದುಕೊಂಡು, ಅದರ ಮೇಲೆ 3.4 ಗುಣಿಸಿಬಿಡುತ್ತಾರೆ. ದಪ್ಪ ಕೊಂಬೆಗಳು ಎರಡು ಸಲ ಲೆಕ್ಕಕ್ಕೆ ಬಂದವು ಅಲ್ವಾ? ಎಫ್‌ಎಸ್‌ಐ ತಾನೇ ಹಾಗೆ ಮಾಡುವುದಿಲ್ಲ. ಬಿಟ್ಟುಹೋದ ಭಾಗಗಳಿಗೆ, ಅಂದರೆ ಸಣ್ಣ ಕೊಂಬೆ, ಸೊಪ್ಪು, 10 ಸೆಂ.ಮೀಗಿಂತ ತೆಳುವಾದ ಗಿಡಗಳು, ಪೊದೆ ಇವಕ್ಕೆಂದೇ ಕಡಿದು ತೂಗುವ ಪ್ರತ್ಯೇಕ ಅಧ್ಯಯನ ಮಾಡಿಸಿ ಆ ತೂಕವನ್ನು ಸೇರಿಸಿತು. ಆದ್ದರಿಂದ ಈ ದಾರಿ ಹಿಡಿಯುವವರು ಗುಣಕ ಹುಡುಕುವ ಮೊದಲು, ತಮ್ಮ ಘನ ಅಳತೆಯ ಸೂತ್ರ ಮರವನ್ನು ಎಲ್ಲಿಗೆ ನಿಲ್ಲಿಸುತ್ತದೆ ಎಂದು ಓದಬೇಕು.

ದಾರಿ ಹಳೆಯದು ಅಂತ ತಳ್ಳಿಹಾಕಬೇಡಿ. ನಿಮ್ಮ ಅಂಕಿಯನ್ನು ದೇಶದ ವರದಿಯ ಜೊತೆ ಹೋಲಿಸುವುದಿದ್ದರೆ ಇದೇ ಸರಿ. ತೇಗ, ಮತ್ತಿ, ಹೊನ್ನೆಯಂಥ ನಾಟಾ ಜಾತಿಗಳಿಗೆ ಇಲ್ಲಿನ ಮರಗಳಿಂದಲೇ ಕಟ್ಟಿದ ಸೂತ್ರಗಳಿವೆ. ಅದು ಸಣ್ಣ ಲಾಭವಲ್ಲ.

ಉಷ್ಣವಲಯಕ್ಕೆಲ್ಲ ಒಂದೇ ಸೂತ್ರ

ಶಾವ್ ತಂಡ 58 ಕಡೆಗಳಲ್ಲಿ ಕಡಿದು ತೂಗಿದ 4,004 ಮರಗಳನ್ನು ಒಟ್ಟು ಹಾಕಿ ಒಂದು ಸೂತ್ರ ಕೊಟ್ಟಿತು:

ಒಣ ತೂಕ (ಕಿಲೊ) = 0.0673 × (ಸಾಂದ್ರತೆ × ವ್ಯಾಸ × ವ್ಯಾಸ × ಎತ್ತರ), ಆವರಣದೊಳಗಿನದಕ್ಕೆ 0.976 ಘಾತ.

ವ್ಯಾಸ ಸೆಂ.ಮೀನಲ್ಲಿ, ಎತ್ತರ ಮೀಟರಿನಲ್ಲಿ, ಸಾಂದ್ರತೆ ಘನ ಸೆಂ.ಮೀಗೆ ಗ್ರಾಂನಲ್ಲಿ. ಮೊಬೈಲ್ ಕ್ಯಾಲ್ಕುಲೇಟರಿನಲ್ಲೂ ಆಗುತ್ತದೆ. ನನ್ನ ಒಲವು ಇದರ ಕಡೆಗೇ. ಕಾರಣ ಸರಳ. ಪಶ್ಚಿಮ ಘಟ್ಟದ ಒಂದು ಹೆಕ್ಟೇರಿನಲ್ಲಿ ಹತ್ತಾರು ಜಾತಿಗಳು ಸಿಗುತ್ತವೆ. ಅವುಗಳಲ್ಲಿ ಮುಕ್ಕಾಲುಪಾಲಿಗೆ ಸ್ವಂತ ಸೂತ್ರ ಇಲ್ಲ. ಇಲ್ಲಿ ಜಾತಿಯ ಗುಣವನ್ನು ಸಾಂದ್ರತೆ ಹೊತ್ತುಕೊಳ್ಳುತ್ತದೆ. ನಮ್ಮ ತೇಗದ ಅಳತೆಯದೇ ಬೂರುಗದ ಮರಕ್ಕೆ ಸಾಂದ್ರತೆ 0.33 ಹಾಕಿದರೆ 293 ಕಿಲೊ. ಮತ್ತಿಗೆ 0.73 ಹಾಕಿದರೆ 635 ಕಿಲೊ. ಕೊಡಲಿ ಹಿಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆದರೆ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ಸಾಂದ್ರತೆಯೇ. ಸೂತ್ರ ಕೇಳುವುದು ಒಲೆಯಲ್ಲಿ ಪೂರ್ತಿ ಒಣಗಿಸಿದ ತೂಕವನ್ನು ಹಸಿ ಗಾತ್ರದಿಂದ ಭಾಗಿಸಿದ ಅಂಕಿ. ನಾಟಾದ ಹಳೆಯ ಕೈಪಿಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಗಾಳಿಯಲ್ಲಿ ಒಣಗಿದ, ಶೇ 12 ತೇವ ಉಳಿದ ಕಟ್ಟಿಗೆಯದು. ಬಡಗಿಗೆ ಬೇಕಾದದ್ದು ಅದು. ತೇಗಕ್ಕೆ 0.55ರ ಬದಲು 0.66 ಹಾಕಿದರೆ ತೂಕ ಶೇ 20ರಷ್ಟು ಸುಮ್ನೆ ಏರುತ್ತದೆ. ಗಾಳಿಯಲ್ಲಿ ಒಣಗಿದ ಅಂಕಿ ಮಾತ್ರ ಸಿಕ್ಕರೆ ಅದನ್ನು 0.83ರಿಂದ ಗುಣಿಸಿ ಬಳಸಿ.

ಎರಡನೆಯದು ಎತ್ತರ. ದಟ್ಟ ಕಾಡಿನಲ್ಲಿ ಬುಡದಲ್ಲಿ ನಿಂತರೆ ತುದಿ ಕಾಣುವುದಿಲ್ಲ. ಕ್ಲೈನೋಮೀಟರ್ (ಕೋನ ನೋಡಿ ಎತ್ತರ ಅಳೆಯುವ ಸಾಧನ) ಹಿಡಿದವರು ಪಕ್ಕದ ಮರದ ತುದಿಯನ್ನು ನೋಡಿ ಬರೆಯುವುದು ತೀರಾ ಮಾಮೂಲು. 18 ಮೀಟರಿನ ಮರವನ್ನು 15 ಎಂದು ಬರೆದರೆ ತೂಕ ಶೇ 16 ಇಳಿಯುತ್ತದೆ. ಎಲ್ಲ ಮರದ ಎತ್ತರ ಕೆಟ್ಟದಾಗಿ ಅಳೆಯುವ ಬದಲು, ಪ್ಲಾಟಿನಲ್ಲಿ, ಅಂದರೆ ಅಳತೆಗೆಂದು ಗುರುತು ಹಾಕಿದ ಕಾಡಿನ ತುಂಡಿನಲ್ಲಿ, ಚೆನ್ನಾಗಿ ಕಾಣುವ ಬೇರೆ ಬೇರೆ ದಪ್ಪದ ಮೂವತ್ತು ನಲವತ್ತು ಮರಗಳನ್ನು ನಿಧಾನವಾಗಿ ಅಳೆದು, ವ್ಯಾಸಕ್ಕೂ ಎತ್ತರಕ್ಕೂ ಇರುವ ಸಂಬಂಧ ಕಟ್ಟಿಕೊಂಡು ಉಳಿದವಕ್ಕೆ ಅದನ್ನೇ ಬಳಸುವುದು ಮೇಲು. ಎತ್ತರವೇ ಇಲ್ಲದಿದ್ದರೆ, ಅದೇ ತಂಡ ಹವಾಮಾನದ ಒಂದು ಅಂಕಿಯನ್ನು ಎತ್ತರದ ಬದಲು ಬಳಸುವ ಇನ್ನೊಂದು ಸೂತ್ರವನ್ನೂ ಕೊಟ್ಟಿದೆ.

ಮೂರನೆಯದು ಹೇಳಿದರೆ ನಗುತ್ತೀರಿ. ನಮ್ಮ ಅರಣ್ಯ ಸಿಬ್ಬಂದಿ ಅಳೆಯುವುದು ಸುತ್ತಳತೆ, ಸೂತ್ರ ಕೇಳುವುದು ವ್ಯಾಸ. ನಾನು ಒಮ್ಮೆ ಒಂದು ತೋಟದ ಇಂಗಾಲದ ಶೀಟ್ ಪರಿಶೀಲಿಸಲು ಕೂತಿದ್ದೆ. ಹತ್ತು ವರ್ಷದ ಮರಗಳು ಒಂದೊಂದೂ ನಾಲ್ಕೂವರೆ ಟನ್ ತೂಗುತ್ತಿದ್ದವು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಸುತ್ತಳತೆಯನ್ನು 3.14ರಿಂದ ಭಾಗಿಸಿಯೇ ಇರಲಿಲ್ಲ. ಆ ಒಂದು ತಪ್ಪು ತೂಕವನ್ನು ಒಂಬತ್ತು ಪಟ್ಟಿಗೂ ಮೀರಿ ಹಿಗ್ಗಿಸುತ್ತದೆ. ಶೀಟ್ ಕಳಿಸಿದವರಿಗೆ ಆ ಅಂಕಿ ಬಹಳ ಇಷ್ಟವಾಗಿತ್ತು. ಇದರ ಜೊತೆಗೆ, ನಮ್ಮಲ್ಲಿ ಎದೆ ಎತ್ತರ ಎಂದರೆ 1.37 ಮೀಟರ್, ಬಹಳಷ್ಟು ದೇಶಗಳಲ್ಲಿ 1.3. ಆ ವ್ಯತ್ಯಾಸ ಚಿಕ್ಕದು, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆಯಿರಿ. ಕಾಂಡದ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಉತ್ತಮ.

ಈ ಸೂತ್ರದಲ್ಲಿ ಒಂದೊಂದು ಮರದ ತಪ್ಪು ದೊಡ್ಡದು, ಮೂರರಲ್ಲೊಂದು ಪಾಲಿನಷ್ಟು ಆಚೀಚೆ ಆಗುವುದು ಸಹಜ. ನೂರಾರು ಮರ ಕೂಡಿಸಿದಾಗ ಹೆಚ್ಚೂಕಡಿಮೆಗಳು ಒಂದನ್ನೊಂದು ತಿಂದುಹಾಕುತ್ತವೆ. ಮನೆ ಮುಂದಿನ ಒಂದು ಮಾವಿನ ಮರಕ್ಕೆ ಇದನ್ನು ಹಾಕಿ ಕಿಲೊ ಲೆಕ್ಕದಲ್ಲಿ ಸರ್ಟಿಫಿಕೇಟ್ ಬರೆಯುವುದು ತಮಾಷೆ.

ಜಾತಿಗೊಂದು ಸೂತ್ರ ಇದ್ದರೆ ಅದೇ ಮೇಲಲ್ಲವೇ?

ಇದ್ದರೆ, ಹೌದು. ಸ್ವೀಡನ್ನಿನಲ್ಲಿ ಮಾರ್ಕ್‌ಲುಂಡ್ 1988ರಲ್ಲಿ ಪೈನ್, ಸ್ಪ್ರೂಸ್, ಬರ್ಚ್ ಮರಗಳಿಗೆ ಕಾಂಡ, ತೊಗಟೆ, ಕೊಂಬೆ, ಬೊಡ್ಡೆ ಎಂದು ಬೇರೆ ಬೇರೆ ಸೂತ್ರ ಕೊಟ್ಟರು. ಅಲ್ಲಿನ ಕಾಡಿನ ಬಹುಪಾಲು ಈ ಮೂರೇ ಮರ. ಅವರಿಗೆ ಆ ಸುಖ ಇದೆ, ನಮಗಿಲ್ಲ. ನಮ್ಮಲ್ಲಿ ನೀಲಗಿರಿ, ಅಕೇಶಿಯಾ, ತೇಗದ ನೆಡುತೋಪುಗಳಿಗೆ ಈ ದಾರಿ ಒಪ್ಪುತ್ತದೆ. ಒಂದೇ ವಯಸ್ಸಿನ ಮರಗಳು, ಕಟಾವಿನ ಹೊತ್ತಿಗೆ ತೂಗಲೂ ಅವಕಾಶ ಇರುತ್ತದೆ.

ಕೊಂಡುಕೊಳ್ಳುವ ಮೊದಲು ಲೇಬಲ್ ಓದುವಂತೆ ಸೂತ್ರದ ಹಿಂದೆ ಎಷ್ಟು ಮರ ಇವೆ, ಎಷ್ಟು ದಪ್ಪದವರೆಗೆ ಇವೆ ಎಂದು ನೋಡಿ. ಮೊದಲು ಹೇಳಿದ 363 ಕಿಲೊದ ಸೂತ್ರ ಇದೆಯಲ್ಲ, ಅದು ಭಾರತದ ಒಣ ಕಾಡಿನ ಮರಗಳಿಂದಲೇ ಬಂದದ್ದು. 'ನಮ್ಮದೇ ಮರ, ನಮ್ಮದೇ ಸೂತ್ರ' ಎಂದು ಹಿಗ್ಗಬಹುದು. ಆದರೆ ಅದರ ಹಿಂದಿರುವುದು 28 ಮರಗಳು, ವ್ಯಾಸ 5ರಿಂದ 40 ಸೆಂ.ಮೀ. ಬಂಡೀಪುರದ ಕಡೆಯ 70 ಸೆಂ.ಮೀ ಮತ್ತಿಗೆ ಅದನ್ನು ಹಾಕಿದರೆ, ಸೂತ್ರ ಎಂದೂ ನೋಡದ ಮರದ ಬಗ್ಗೆ ಅದರ ಬಾಯಲ್ಲಿ ಸಾಕ್ಷಿ ಹೇಳಿಸಿದಂತೆ. ಕಾಡಿನ ತೂಕದ ದೊಡ್ಡ ಪಾಲು ಕೆಲವೇ ದೊಡ್ಡ ಮರಗಳಲ್ಲಿ ಇರುವುದರಿಂದ ಈ ತಪ್ಪು ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ.

ಯಾವ ಸೂತ್ರಕ್ಕೂ ಒಗ್ಗದ ಮರಗಳು

ಉತ್ತರ ಕನ್ನಡದ ಸೊಪ್ಪಿನ ಬೆಟ್ಟಕ್ಕೆ ಬನ್ನಿ. ಅಡಿಕೆ ತೋಟಕ್ಕೆ ಸೊಪ್ಪು ಕಡಿದೂ ಕಡಿದೂ ಅಲ್ಲಿನ ಮರಗಳಿಗೆ ದಪ್ಪ ಕಾಂಡ, ತುದಿಯಲ್ಲಿ ಒಂದು ಮುಷ್ಟಿ ಚಿಗುರು. ಮೇಲಿನ ಎಲ್ಲ ಸೂತ್ರಗಳೂ ಕಾಂಡದ ದಪ್ಪ ನೋಡಿ, ಈ ಮರಕ್ಕೆ ಇಷ್ಟು ದೊಡ್ಡ ಕೊಂಬೆಗಳು ಇರಲೇಬೇಕು ಎಂದು ನಂಬುತ್ತವೆ. ಇರುವುದಿಲ್ಲ. ಹಾಗಾಗಿ ಲೆಕ್ಕ ಜಾಸ್ತಿ ಬರುತ್ತದೆ. ಇಲ್ಲಿ ಕಾಂಡದ ಘನ ಅಳತೆ ಗುಣಿಸು ಸಾಂದ್ರತೆ, ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕ. ಆನೆ ತುದಿ ಮುರಿದ ಮರಗಳಿಗೂ ಇದೇ ಮಾತು.

ಬೆಟ್ಟದ ಕೆಳಗಿನ ತೋಟದಲ್ಲಿ ಇನ್ನೊಂದು ತಕರಾರು. ಅಡಿಕೆ, ತೆಂಗು ವಯಸ್ಸಾದಂತೆ ಎತ್ತರ ಹೋಗುತ್ತವೆ, ದಪ್ಪ ಆಗುವುದಿಲ್ಲ. ವ್ಯಾಸದ ಸೂತ್ರ ಹಾಕಿದರೆ ಹತ್ತು ವರ್ಷದ ಅಡಿಕೆಗೂ ನಲವತ್ತು ವರ್ಷದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇವಕ್ಕೆ ಎತ್ತರವನ್ನು ಆಧರಿಸಿದ ಸೂತ್ರವೇ ಬೇಕು. ಬಿದಿರಿಗೂ ಬೇರೆಯೇ ಲೆಕ್ಕ, ಮೆಳೆಯಲ್ಲಿ ಗಳ ಎಣಿಸಬೇಕು. ಅಘನಾಶಿನಿ ಕಡೆಯ ಕಾಂಡ್ಲಾ ಗಿಡಗಳಲ್ಲಿ ಊರುಗೋಲಿನ ಬೇರು ಎದೆ ಎತ್ತರಕ್ಕಿಂತ ಮೇಲಿದ್ದರೆ, ಮೇಲಿನ ಬೇರಿನಿಂದ 30 ಸೆಂ.ಮೀ ಎತ್ತರದಲ್ಲಿ ಟೇಪು ಸುತ್ತುತ್ತಾರೆ.

ನೆಲದೊಳಗಿನ ಬೇರಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಆಯ್ಕೆಯೇ ಕಡಿಮೆ. ಮೇಲಿನ ತೂಕದ ಒಂದು ಪಾಲು ಎಂದು ಹಿಡಿಯುತ್ತಾರೆ. ಐಪಿಸಿಸಿಯ 2006ರ ಕೋಷ್ಟಕದಲ್ಲಿ ಉಷ್ಣವಲಯದ ಮಳೆಕಾಡಿಗೆ 0.37. ತೇವ ಎಲೆಯುದುರುವ ಕಾಡಿಗೆ 0.20 ಅಥವಾ 0.24, ಕಾಡು ಎಷ್ಟು ದಟ್ಟ ಎನ್ನುವುದರ ಮೇಲೆ. ಬಂದ ಒಟ್ಟು ಒಣ ತೂಕವನ್ನು 0.47ರಿಂದ ಗುಣಿಸಿದರೆ ಇಂಗಾಲ, ಅದನ್ನು ಮತ್ತೆ 3.67ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್. ನಮ್ಮ 482 ಕಿಲೊ ತೇಗದ ನೆಲದ ಮೇಲಿನ ಭಾಗದಲ್ಲಿ 227 ಕಿಲೊ ಇಂಗಾಲ, ಅಂದರೆ 830 ಕಿಲೊ ಕಾರ್ಬನ್ ಡೈಆಕ್ಸೈಡ್. ಯಾರಾದರೂ 'ಟನ್' ಎಂದಾಗ ಈ ಮೂರರಲ್ಲಿ ಯಾವ ಟನ್ ಎಂದು ಕೇಳಿ. ಇನ್ನೊಂದು ಮಾತು: ದೇಶದ ಒಟ್ಟು ಅಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲ ಇರುವುದು ಮರದಲ್ಲಲ್ಲ, ಕಾಡಿನ ಮಣ್ಣಿನಲ್ಲಿ.

ಉಪಗ್ರಹ ಬಂತಲ್ಲ, ಇನ್ನು ಟೇಪು ಯಾಕೆ?

2025ರ ಏಪ್ರಿಲ್ 29ರಂದು ಯುರೋಪಿನ ಬಯೋಮಾಸ್ ಉಪಗ್ರಹ ಹಾರಿತು. ಜುಲೈ 30ರಂದು ಶ್ರೀಹರಿಕೋಟಾದಿಂದ ಇಸ್ರೊ ಮತ್ತು ನಾಸಾ ಸೇರಿ ಮಾಡಿದ ನೈಸಾರ್ ಉಪಗ್ರಹ ಹಾರಿತು. ನೈಸಾರ್‌ನ ಎರಡು ರೇಡಾರುಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಅಂತರಿಕ್ಷ ನಿಲ್ದಾಣದಲ್ಲಿರುವ ಜೆಡೈ ಲೇಸರ್ 25 ಮೀಟರ್ ಅಗಲದ ಬೆಳಕಿನ ಬೊಟ್ಟುಗಳಿಂದ ಮರದ ಎತ್ತರ ನೋಡುತ್ತದೆ. ಇವೆಲ್ಲ ಅದ್ಭುತವೇ. ಆದರೆ ಯಾವುದೂ ಮರವನ್ನು ತೂಗುವುದಿಲ್ಲ. ಅವು ಅಳೆಯುವುದು ಎತ್ತರ, ಇಲ್ಲವೇ ವಾಪಸು ಬಂದ ರೇಡಿಯೊ ಅಲೆ. ಅದನ್ನು ಟನ್ ಮಾಡಲು ನೆಲದ ಪ್ಲಾಟುಗಳ ತೂಕದ ಜೊತೆ ಹೊಂದಿಸಬೇಕು. ಆ ಪ್ಲಾಟುಗಳ ತೂಕ ಬಂದದ್ದು ಎಲ್ಲಿಂದ? ಮೇಲೆ ಹೇಳಿದ ಸೂತ್ರಗಳಿಂದಲೇ. ಸೂತ್ರದ ತಪ್ಪು ಉಪಗ್ರಹದ ನಕ್ಷೆಯಲ್ಲಿ ಬಣ್ಣ ಬಳಿದುಕೊಂಡು ಕೂರುತ್ತದೆ.

ಎರಡನೆಯ ಮಿತಿ ದಟ್ಟ ಕಾಡಿನದು. ನೈಸಾರ್‌ನ ಬಯೋಮಾಸ್ ಲೆಕ್ಕವನ್ನು, ಅಂದರೆ ಕಾಡಿನ ಒಣ ತೂಕದ ಲೆಕ್ಕವನ್ನು, ಹೆಕ್ಟೇರಿಗೆ 100 ಟನ್‌ವರೆಗಿನ ಕಾಡಿಗೆಂದು ಇಟ್ಟುಕೊಂಡಿದ್ದಾರೆ. ಅದರಾಚೆಗೆ ಕಾಡು ದಪ್ಪವಾದರೂ ಅಲೆಗೆ ಅಷ್ಟಾಗಿ ತಿಳಿಯುವುದಿಲ್ಲ. ಬಯಲುಸೀಮೆಯ ಕುರುಚಲು ಕಾಡಿಗೆ, ಹೊಲದ ಬದುವಿನ ಮರಗಳಿಗೆ ಇದು ಒಳ್ಳೆಯ ಸಾಧನ. ಆಗುಂಬೆಯಂಥ ನಿತ್ಯಹರಿದ್ವರ್ಣ ಕಾಡಿಗೆ ಸುಮಾರು 70 ಸೆಂ.ಮೀ ಉದ್ದದ ಅಲೆ ಬಳಸುವ ಯುರೋಪಿನ ಉಪಗ್ರಹವೇ ಹೆಚ್ಚು ಭರವಸೆ. ಯಾವುದನ್ನೇ ಆದರೂ ನೆಲದ ಪ್ಲಾಟುಗಳ ನಡುವಿನ ಖಾಲಿ ಜಾಗ ತುಂಬಲು ಬಳಸಿ, ಪ್ಲಾಟಿನ ಬದಲಿಗಲ್ಲ.

ನಾನಾದರೆ ಏನು ಮಾಡುತ್ತೇನೆ

ಮಿಶ್ರ ಕಾಡಿನ ಪ್ಲಾಟಿಗೆ ಶಾವ್ ಸೂತ್ರ, ಅಲ್ಲೇ ಅಳೆದ ಎತ್ತರದ ಸಂಬಂಧದ ಜೊತೆ. ನೆಡುತೋಪಿಗೆ ಜಾತಿಯ ಸೂತ್ರ. ಸರ್ಕಾರದ ವರದಿಯ ಪಕ್ಕ ಇಡುವ ಅಂಕಿಗೆ ಎಫ್‌ಎಸ್‌ಐ ಘನ ಅಳತೆಯ ದಾರಿ. ರೈತರ ಜಮೀನಿನ ಕಾರ್ಬನ್ ಯೋಜನೆಯಾದರೆ, ಎರಡು ಸೂತ್ರ ಹಾಕಿ ನೋಡಿ ಕಡಿಮೆ ಬಂದದ್ದನ್ನು ಬರೆಯುತ್ತೇನೆ. ಇದಕ್ಕೆ ಜಗಳಗಳಾಗಿವೆ, ಆಗಲಿ.

ಏರಿಕೆ ಇಳಿಕೆ ತಿಳಿಯಬೇಕಾದಲ್ಲಿ ಮಾತ್ರ ಬೇರೆ ನಿಯಮ. ಮೊದಲ ಸಲ ಯಾವುದು ಹಾಕಿದಿರೋ ಎರಡನೆಯ ಸಲವೂ ಅದೇ. ಅಮೆರಿಕದ ಅರಣ್ಯ ಗಣತಿ 2023ರಲ್ಲಿ ತನ್ನ ಹಳೆಯ ಸೂತ್ರಗಳನ್ನು ಬಿಟ್ಟು ದೇಶಕ್ಕೆಲ್ಲ ಅನ್ವಯಿಸುವ ಹೊಸ ಸೂತ್ರಗಳಿಗೆ ಬದಲಾಯಿತು. ನಿಂತ ಮರಗಳು ನಿಂತಲ್ಲೇ ಇದ್ದವು, ಇಂಗಾಲದ ಅಂಕಿ ಶೇ 10ಕ್ಕಿಂತ ಹೆಚ್ಚು ಏರಿತು. ಅದನ್ನು ಬೆಳವಣಿಗೆ ಎಂದು ಯಾರಾದರೂ ಓದಿಬಿಟ್ಟರೆ ಎಂಥ ಎಡವಟ್ಟು! ಅವರು ಹಿಂದಿನ ವರ್ಷಗಳ ಲೆಕ್ಕವನ್ನೂ ಹೊಸ ಸೂತ್ರದಲ್ಲಿ ಮತ್ತೆ ಹಾಕಿದರು. ಹಾಗೆ ಮಾಡಲು ಆಗಿದ್ದು ಒಂದೊಂದು ಮರದ ಜಾತಿ, ವ್ಯಾಸ, ಎತ್ತರ ಎಲ್ಲ ಹಾಗೇ ಉಳಿದಿದ್ದರಿಂದ. ನಮ್ಮ ಎಷ್ಟೋ ಹಳೆಯ ವರದಿಗಳಲ್ಲಿ ಉಳಿದಿರುವುದು ಹೆಕ್ಟೇರಿಗೆ ಇಷ್ಟು ಟನ್ ಎಂಬ ಕೊನೆಯ ಸಾಲು ಮಾತ್ರ. ಸುತ್ತಳತೆ ಬರೆದ ಹಾಳೆಗಳು ಯಾವ ಕಪಾಟಿನಲ್ಲಿವೆಯೋ.